ನೀರನ್ನೂ ನಾನೇ ಮಾಡಿಕೊಂಡಿದ್ದೆ

ಪಾವಗಡ ತಾಲ್ಲೂಕಿನ ಒಂದು ಊರಿನಲ್ಲಿ ನಮ್ಮ ಮೊದಲ ಫಿಲ್ಟರಿಗೆ ಊರವರು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದರು. ನನ್ನ ಲೆಕ್ಕದಲ್ಲಿ ಅದು ಮೂರು ತಿಂಗಳು ಬಾಳಬೇಕಿತ್ತು. ಹನ್ನೊಂದನೆಯ ದಿನ ನೀರುಗಂಟಿಯ ಫೋನು: ‘ಸಾರ್, ನೀವು ಕೊಟ್ಟೋಗಿರೋ ಕಿಟ್ಟಿನಾಗೆ ನೀರು ಗುಲಾಬಿ ಬತ್ತಿಲ್ಲ, ಹಳದಿ ತೋರಿಸ್ತೈತೆ.’ ಹಳದಿ ಎಂದರೆ ಫ್ಲೋರೈಡ್ ತಡೆಯಿಲ್ಲದೆ ದಾಟಿ ಬರುತ್ತಿದೆ ಎಂದರ್ಥ.

ಬೆಂಗಳೂರಿನ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಕಂಪನಿ ಕಟ್ಟಿ ನನಗೆ ಆಗ ಎಂಟು ತಿಂಗಳು. ಬಂಡವಾಳವೆಂದರೆ ಒಂದು ಬಿಳಿ ಪುಡಿ. ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಸುಮಾರು 500 ಡಿಗ್ರಿಯಲ್ಲಿ ಕಾಯಿಸಿದರೆ ಒಳಗಿನ ನೀರು ಹೊರಟು, ಮೈತುಂಬ ಸಣ್ಣ ತೂತುಗಳಿರುವ ಅಲ್ಯೂಮಿನಾ ಉಳಿಯುತ್ತದೆ. ನಮ್ಮ ಒಂದು ಗ್ರಾಂ ಪುಡಿಯೊಳಗೆ ಎರಡು ಥರ್ಟಿ-ಫಾರ್ಟಿ ಸೈಟಿನಷ್ಟು ಮೇಲ್ಮೈ. ಫ್ಲೋರೈಡ್ ಅಂಟಿಕೊಳ್ಳಲು ಅಷ್ಟು ಜಾಗ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಮೂಳೆ ಪೆಡಸಾಗುತ್ತದೆ. ನಮ್ಮ ಪ್ರಬಂಧದ ಗ್ರಾಫ್ ನೋಡಿದವರು ‘ಇನ್ನೇಕೆ ತಡ’ ಎಂದಿದ್ದರು.

ಗ್ರಾಫ್ ಸುಳ್ಳಾಗಿರಲಿಲ್ಲ. ಆದರೆ ಅದರಲ್ಲಿದ್ದ ನೀರನ್ನೂ ನಾನೇ ಮಾಡಿಕೊಂಡಿದ್ದೆ. ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಪಿಎಚ್ ಅನ್ನು 6ರ ಆಸುಪಾಸಿಗೆ ತಂದಿದ್ದೆ. ಪುಡಿಗೆ ಬಲು ಒಗ್ಗುವ ನೀರು ಅದು. ಪಾವಗಡದ ಬೋರ್ ನೀರಿನ ಪಿಎಚ್ 8ರ ಹತ್ತಿರ, ಅದರ ತುಂಬ ಬೈಕಾರ್ಬೊನೇಟ್. ಫ್ಲೋರೈಡ್ ಬಸ್ ಹತ್ತುವಷ್ಟರಲ್ಲಿ ಬೈಕಾರ್ಬೊನೇಟ್ ಸೀಟಿಗೆಲ್ಲ ಟವೆಲ್ ಹಾಕಿಬಿಟ್ಟಿತ್ತು. ಆಸಿಡ್ ಹಾಕಿ ಪಿಎಚ್ ಇಳಿಸಬಹುದು. ಆದರೆ ಊರಿನ ಟ್ಯಾಂಕಿಗೆ ದಿನವೂ ಆಸಿಡ್ ಅಳೆದು ಹಾಕು ಎಂದು ನೀರುಗಂಟಿಗೆ ಯಾವ ಬಾಯಲ್ಲಿ ಹೇಳಲಿ?

ಎರಡನೆಯ ಪೆಟ್ಟು ಪೀಣ್ಯದಲ್ಲಿ. ಲ್ಯಾಬಿನಲ್ಲಿ ಒಂದು ಸಲಕ್ಕೆ 5 ಗ್ರಾಂ ಕಾಯಿಸುತ್ತಿದ್ದವನು ಬಾಡಿಗೆ ಭಟ್ಟಿಯಲ್ಲಿ 10 ಕಿಲೋ ತುಂಬಿದೆ. ಅಂಚಿನಲ್ಲಿ ಬೆಂದಿತ್ತು, ನಡುವೆ ಹಸಿ. ಉಷ್ಣಮಾಪಕ ಮಾತ್ರ 500 ತೋರಿಸುತ್ತಿತ್ತು. ಅದು ಇದ್ದದ್ದು ಭಟ್ಟಿಯ ಗೋಡೆಯಲ್ಲಿ. ಇನ್ನು, ಹಿಟ್ಟಿನಷ್ಟು ನುಣ್ಣಗಿದ್ದ ಪುಡಿಯನ್ನು ಫಿಲ್ಟರಿಗೆ ತುಂಬಿದರೆ ಕೆಸರಾಗಿ ಕಟ್ಟಿಕೊಂಡು ನೀರೇ ಇಳಿಯದು. ಪಾವಗಡಕ್ಕೆ ಕಳಿಸಿದ್ದು ಪುಡಿಯನ್ನು ಒತ್ತಿ ಒಡೆದ ಚೂರುಗಳನ್ನು. ಅವೂ ದಾರಿಯಲ್ಲೇ ಸವೆದಿದ್ದವು.

ಭಟ್ಟಿಯ ಮಾಲೀಕರು ಎಸ್ಸೆಸ್ಸೆಲ್ಸಿ ಓದಿದವರು, ಮೂವತ್ತು ವರ್ಷದಿಂದ ಬೆಂಕಿಯ ಮುಂದಿದ್ದವರು. ಚೂರನ್ನು ಬೆರಳಲ್ಲಿ ಉಜ್ಜಿ, ‘ಮನೇಲಿ ಚಕ್ಕುಲಿ ಒರಳು ಇಲ್ವಾ ಸಾರ್?’ ಎಂದರು. ಮರುದಿನ ಒರಳು ತಂದೆ. ಪುಡಿಗೆ ಅಂಟು, ನೀರು ಹಾಕಿ ನಾದಿ, ಖಾರಸೇವೆಯ ಬಿಲ್ಲೆ ಹಾಕಿ ಒತ್ತಿದೆವು. ನೀರು ಹೆಚ್ಚಾದರೆ ಎಳೆ ಕುಸಿಯಿತು, ಕಮ್ಮಿಯಾದರೆ ಮುರಿಯಿತು. ನಾಲ್ಕು ದಿನಕ್ಕೆ ಹದ ಸಿಕ್ಕಿತು. ಒಣಗಿಸಿ, ತೆಳುವಾಗಿ ಹರಡಿ ಕಾಯಿಸಿದಾಗ ನಡುವೆಯೂ ಬೆಂದ ಗಟ್ಟಿ ಕಾಳು ಬಂತು.

ಆ ಕಾಳೇ ನಮ್ಮನ್ನು ಇನ್ನೊಂದು ಕಡೆ ಉಳಿಸಿತು. ಪ್ರಬಂಧ ಅಚ್ಚಾದ ಮೇಲೆ ಪೇಟೆಂಟಿಗೆ ಓಡಿದವನು ನಾನು. ಪುಡಿಯ ಗುಟ್ಟನ್ನು ಜಗತ್ತಿಗೆಲ್ಲ ಹೇಳಿಯಾದ ಮೇಲೆ ಅದರಲ್ಲಿ ಹೊಸತೇನು ಉಳಿದೀತು? ಕೊನೆಗೆ ಅರ್ಜಿ ಹಾಕಿದ್ದು ಕಾಳು ಮಾಡುವ ವಿಧಾನಕ್ಕೆ. ಆವಿಷ್ಕಾರಕರ ಸಾಲಿನಲ್ಲಿ ಭಟ್ಟಿ ಮಾಲೀಕರ ಹೆಸರೂ ಇದೆ.

ಗಿರಾಕಿ ಸಿಕ್ಕಿದ್ದು ಅವರ ಪಕ್ಕದ ಶೆಡ್ಡಿನಲ್ಲೇ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲನ್ನು ಹೈಡ್ರೋಫ್ಲೋರಿಕ್ ಆಸಿಡ್ ಬೆರೆತ ದ್ರಾವಣದಲ್ಲಿ ತೊಳೆಯುತ್ತಾರೆ. ಕೊಳಕು ನೀರಿಗೆ ಸುಣ್ಣ ಹಾಕಿದರೆ ಹೆಚ್ಚಿನ ಫ್ಲೋರೈಡ್ ತಳಕ್ಕಿಳಿಯುತ್ತದೆ. ಆದರೂ ಲೀಟರಿಗೆ ಸುಮಾರು ಹತ್ತು ಮಿಲಿಗ್ರಾಂ ಉಳಿದೇ ಉಳಿಯುತ್ತದೆ. ಕೆರೆ ಹೊಳೆಗೆ ಬಿಡುವ ನೀರಿಗೆ ಮಿತಿ 2. ಪಿಎಚ್ ಅನ್ನು 6ಕ್ಕೆ ತರುವುದು ಅವರಿಗೆ ದಿನದ ಕೆಲಸ, ಆಸಿಡ್ ಅವರ ಕೈಯಲ್ಲೇ ಇದೆ. ಊರಿನಲ್ಲಿ ಸೋತ ಅದೇ ಅಲ್ಯೂಮಿನಾ ಅಲ್ಲಿ ಗೆದ್ದಿತು. ಊರಿನಲ್ಲಾದರೋ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕದ ಎದುರು ನಾವು ನಿಲ್ಲಬೇಕಿತ್ತು. ಆ ಲೆಕ್ಕವನ್ನು ಮೊದಲೇ ಹಾಕಿರಲಿಲ್ಲ.

ಇದಕ್ಕೆಲ್ಲ ಆರು ವರ್ಷ ಹಿಡಿಯಿತು. ಲಿಥಿಯಂ ಬ್ಯಾಟರಿಯ ಕೋಬಾಲ್ಟ್ ಆಕ್ಸೈಡನ್ನು ಗುಡ್‌ಇನಫ್ ತಂಡ ಪ್ರಕಟಿಸಿದ್ದು 1980ರಲ್ಲಿ, ಸೋನಿ ಬ್ಯಾಟರಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಆ್ಯಪ್ ಕಟ್ಟುವವರ ಗಡಿಯಾರ ನೋಡಿಕೊಂಡು ವಸ್ತುವಿಜ್ಞಾನದ ಕಂಪನಿ ನಡೆಸಲಾಗದು. ನಿಧಿ-ಪ್ರಯಾಸ್‌ನಂಥ ಸರ್ಕಾರಿ ಯೋಜನೆಯಲ್ಲಿ ಮೊದಲ ಮಾದರಿಗೆ 10 ಲಕ್ಷ ರೂಪಾಯಿವರೆಗೆ ನೆರವುಂಟು. ಅದರಲ್ಲಿ ಒಂದು ಪಾಲನ್ನು ಭಟ್ಟಿ ಬಾಡಿಗೆಗೂ ನಿಜವಾದ ನೀರು ಹೊತ್ತು ತರುವ ಖರ್ಚಿಗೂ ಮೊದಲೇ ಎತ್ತಿಡಿ ಎಂದು ಗ್ರಾಫ್ ಹಿಡಿದು ಬರುವ ಹುಡುಗರಿಗೆ ಹೇಳುತ್ತೇನೆ. ‘ಇದು ಯಾರ ನೀರು?’ ಎಂದೂ ಕೇಳುತ್ತೇನೆ.

ನೀರುಗಂಟಿ ಈಗಲೂ ಬೆಂಗಳೂರು ಬಸ್ಸಿಗೆ ಒಂದು ಕ್ಯಾನ್ ಬೋರ್ ನೀರು ಹಾಕಿ ಕಳಿಸುತ್ತಾನೆ. ಹೊಸ ಕಾಳು ಬಂದಾಗಲೆಲ್ಲ ಮೊದಲು ಹಾಯಿಸುವುದು ಅದನ್ನೇ. ಕಳೆದ ಸಲ ಹಳದಿ ಬರಲು ಇಪ್ಪತ್ತಾರು ದಿನ ಹಿಡಿಯಿತು.