ಅಣೆಕಟ್ಟಿನ ಹಲಗೆಯೂ ಉಪ್ಪುನೀರಿನ ಮರಕೊರಕವೂ

ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆಯ ಸಮೀಪ ಗದ್ದೆ ತೋಟವಿರುವ ರೈತ ಬಾಂಧವರಿಗೆ ಉಪ್ಪುನೀರಿನ ಕಾಟವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮಳೆ ನಿಂತು ಹೊಳೆಯ ಹರಿವು ಕುಗ್ಗಿದೊಡನೆ ಭರತದ ನೀರು ಮೇಲೇರುತ್ತದೆ. ಬಾವಿ ಕೆಡುತ್ತದೆ, ಅಡಿಕೆ ಗಿಡ ಸೊರಗುತ್ತದೆ. ಇದನ್ನು ತಡೆಯಲು ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುತ್ತೇವೆ. ಮೇಲ್ನೋಟಕ್ಕೆ ಗಟ್ಟಿಯಾಗಿದ್ದ ಹಲಗೆ ಬೇಸಿಗೆಯ ನಡುವೆ ಮುರಿದರೆ ಆ ವರ್ಷದ ಶ್ರಮವೆಲ್ಲ ವ್ಯರ್ಥ. ಮುರಿದ ಹಲಗೆಯ ಒಳಗೆ ನೋಡಿದರೆ ಬರೀ ಬಿಲ.

ಈ ಬಿಲ ತೋಡುವ ಟೆರಿಡೊ ಎಂಬ ಪ್ರಾಣಿಯನ್ನು ಹುಳವೆಂದು ಕರೆದರೂ ಅದು ಹುಳವಲ್ಲ, ನಾವು ತಿನ್ನುವ ಮರುವಾಯಿಯ ಬಳಗದ್ದು. ಸೂಜಿಯ ಮೊನೆಯಷ್ಟಿರುವ ಮರಿ ಹಲಗೆಗೆ ಅಂಟಿ ಒಳಹೊಗುತ್ತದೆ. ತಲೆಯ ಕಡೆ ಇರುವ ಎರಡು ಚಿಪ್ಪುಗಳೇ ಅದರ ಅರ. ಕೊರೆಯುತ್ತ ಬೆಳೆದಂತೆ ಬಿಲವೂ ದೊಡ್ಡದಾಗುತ್ತದೆ. ಹೊರಗಿನ ತೂತು ಮಾತ್ರ ಮೊದಲಿನಷ್ಟೇ ಸಣ್ಣದು. ಮೋಸ ಇರುವುದು ಇಲ್ಲಿಯೇ. ನೀರು ಸಿಹಿಯಾದರೆ ಅಥವಾ ಹಲಗೆಯನ್ನು ಮೇಲೆತ್ತಿದರೆ ಬಾಗಿಲು ಮುಚ್ಚಿಕೊಂಡು ಹಲವು ದಿನ ಬದುಕಬಲ್ಲದು. ಆದುದರಿಂದ ಎರಡು ದಿನದ ಬಿಸಿಲು ಸಾಲದು. ಇದಲ್ಲದೆ ಸಿಗಡಿಯ ದೂರದ ನೆಂಟರಾದ ಲಿಮ್ನೋರಿಯ, ಸ್ಫೀರೋಮ ಎಂಬವು ಮರವನ್ನು ಹೊರಗಿನಿಂದ ಕೆರೆದು ಸವೆಸುತ್ತವೆ. ಹಾಲೆಂಡಿನಲ್ಲಿ 1731ರಲ್ಲಿ ಸಮುದ್ರದ ಕಟ್ಟೆಗಳ ಮರವೆಲ್ಲ ಟೆರಿಡೊವಿನ ಪಾಲಾದುದು ಕಂಡು, ಮುಂದೆ ಅವರು ಕಲ್ಲು ಹೊದಿಸಬೇಕಾಯಿತು.

ನಮ್ಮ ಕರಾವಳಿಯಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ಕ್ರಮ. (ಚರ್ಮಕ್ಕೆ ತಗಲಿದರೆ ಸುಡುತ್ತದೆ, ಜಾಗ್ರತೆ!) ಆದರೆ ಇದು ಮೇಲ್ಮೈಯ ರಕ್ಷಣೆ ಮಾತ್ರ. ದೆಹರಾದೂನಿನ ಅರಣ್ಯ ಸಂಶೋಧನಾಲಯದಲ್ಲಿ 1933ರಲ್ಲಿ ಸೊಂಟಿ ಕಾಮೇಶಂ ಎಂಬವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವನ್ನು ಕಂಡುಹಿಡಿದರು. ಇದನ್ನು ಒತ್ತಡದಿಂದ ಮರದೊಳಗೆ ಹೊಗಿಸುತ್ತಾರೆ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು, ಬಲವಿಲ್ಲದ್ದೆಂದು ನಾವು ಸೌದೆಗೆ ಮಾರುವ ರಬ್ಬರ್ ಮರಕ್ಕೆ ಇಂಥ ಉಪಚಾರ ಮಾಡಿ ದೋಣಿ ಕಟ್ಟಿದ್ದಾರೆ. ಆದರೂ ಆರ್ಸೆನಿಕ್ ವಿಷವೇ. ಹಳೆಯ ತುಂಡುಗಳನ್ನು ಒಲೆಗೆ ಹಾಕುವುದು ಸರ್ವಥಾ ಕೂಡದು.

ವಿಷವಿಲ್ಲದೆ ಮರವನ್ನೇ ಮಾರ್ಪಡಿಸುವ ಹೊಸ ದಾರಿಯೊಂದಿದೆ. ಮರದ ನಾರಿನಲ್ಲಿ ನೀರನ್ನು ಹಿಡಿದುಕೊಳ್ಳುವ ಕೊಂಡಿಗಳಿವೆ. ವಿನೆಗರಿನ ಆಮ್ಲದಿಂದ ನೀರಿನಂಶ ತೆಗೆದಾಗ ಸಿಗುವ ಅಸಿಟಿಕ್ ಅನ್‌ಹೈಡ್ರೈಡಿನಲ್ಲಿ ಮರವನ್ನು ಕಾಯಿಸಿದರೆ ಈ ಕೊಂಡಿಗಳಿಗೆ ಮುಚ್ಚಳ ಬೀಳುತ್ತದೆ. ಮರದ ತೂಕ ನೂರಕ್ಕೆ ಸುಮಾರು 20ರಷ್ಟು ಏರಬೇಕು. ಹೀಗಾದ ಮರ ನೀರು ಕುಡಿದು ಉಬ್ಬುವುದು ಬಹಳ ಕಡಿಮೆ, ಶಿಲೀಂಧ್ರಕ್ಕೂ ಸುಲಭದಲ್ಲಿ ಒಲಿಯದು. ನೆದರ್ಲೆಂಡಿನ ಆರ್ನೆಮ್ ನಗರದಲ್ಲಿ 2007ರಿಂದ ಇದರ ಕಾರ್ಖಾನೆ ನಡೆಯುತ್ತಿದೆ. ತಣ್ಣನೆಯ ಸಮುದ್ರಗಳಲ್ಲಿ ಟೆರಿಡೊವಿಗೆ ಈ ಮರ ಚೆನ್ನಾಗಿ ತಡೆದರೂ ಲಿಮ್ನೋರಿಯದ ಮುಂದೆ ಅಷ್ಟು ನಿಲ್ಲಲಿಲ್ಲ. ನಮ್ಮ ಬೆಚ್ಚಗಿನ ನೀರಿನಲ್ಲಿ ಕೊರಕಗಳ ಜಾತಿಯೂ ಹೆಚ್ಚು, ಹಸಿವೂ ಹೆಚ್ಚು. ಇದನ್ನು ಮನೆಯಲ್ಲಿ ಮಾಡಿ ನೋಡುವ ಯೋಚನೆ ಬೇಡ; ಆ ದ್ರವ ಕಣ್ಣು ಶ್ವಾಸಗಳಿಗೆ ಅಪಾಯಕರ, ಸರಕಾರದ ನಿಯಂತ್ರಣದಲ್ಲಿಯೂ ಇದೆ.

ಸದ್ಯಕ್ಕೆ ಅಳಿವೆಯ ಕಟ್ಟಕ್ಕೆ ಹೆಬ್ಬಲಸಿನಂಥ ಮರದ ತಿರುಳಿನ ಹಲಗೆಯೇ ಲೇಸೆಂದು ನನ್ನ ಅಭಿಪ್ರಾಯ. ಬಿಳಿ ಭಾಗವನ್ನು ಕೆತ್ತಿ ತೆಗೆಯಿರಿ. ಉಪಚರಿಸಿದ ಹಲಗೆ ತರುವುದಾದರೆ ಕೊಯ್ಯುವುದು, ತೂತು ಕೊರೆಯುವುದು ಎಲ್ಲವನ್ನೂ ಮೊದಲೇ ಮುಗಿಸಿರಬೇಕು. ಮತ್ತೆ ಕೊಯ್ದ ಜಾಗದಿಂದಲೇ ಮರಿ ಒಳಹೊಗುತ್ತದೆ. ಮಳೆಗೆ ಮುನ್ನ ಹಲಗೆ ಎತ್ತಿ, ಪಾಚಿ ಕೆರೆದು, ನಡುವೆ ಗಾಳಿಯಾಡುವಂತೆ ಅಟ್ಟಿಯಿಟ್ಟು ಮಳೆಗಾಲವಿಡೀ ಮಾಡಿನಡಿಯಲ್ಲಿ ಒಣಗಿಸಿರಿ. ತಿರುಗಿ ಇಳಿಸುವ ಮೊದಲು ಪ್ರತಿಯೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದುದನ್ನು ಬೇರೆ ತೆಗೆದಿಡಿ.