ಬಾಗಿಲ ಹಿಡಿ, ಚಿಲಕ, ದೀಪಗಳಿಗೆ ತಕ್ಕ ಲೋಹವೂ ಮೆರುಗೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಸೋದರಿಯರಲ್ಲಿ ಅನೇಕರು ಈಗ ಸ್ವಂತ ಮನೆಗಳನ್ನು ಕಟ್ಟಿಸುವ, ಇಲ್ಲವೆ ಹಿರಿಯರ ಮನೆಗಳನ್ನು ದುರಸ್ತು ಮಾಡಿಸುವ ವಯಸ್ಸಿಗೆ ಬಂದಿರುವರು. ಗೋಡೆ, ಛಾವಣಿ, ನೆಲಗಟ್ಟುಗಳ ವಿಷಯದಲ್ಲಿ ಹತ್ತು ಮಂದಿಯನ್ನು ವಿಚಾರಿಸುವವರು, ಬಾಗಿಲ ಹಿಡಿ, ಚಿಲಕ, ಕೀಲು, ನಲ್ಲಿ, ದೀಪದ ಕಂಬ ಇವುಗಳನ್ನು ಮಾತ್ರ ಕಡೆಯ ದಿನ ಅಂಗಡಿಗೆ ಹೋಗಿ ಹೊಳಪನ್ನು ನೋಡಿ ಕೊಂಡು ತರುವರು. ಆದರೆ ದಿನವೆಲ್ಲ ಮನೆಯವರ ಕೈ ಮುಟ್ಟುವುದು ಇವುಗಳನ್ನೇ ಅಲ್ಲವೆ?

ಈ ತಪ್ಪನ್ನು ನಾನೂ ಮಾಡಿದವಳು. ಹಲಸೂರಿನಲ್ಲಿ ನಮ್ಮ ತಾಯಿಯವರ ಹಳೆಯ ಮನೆಯ ಬಾಗಿಲ ಹಿಡಿಗಳು ವರ್ಷವರ್ಷವೂ ಬಳಿದ ಬಿಳಿಯ ಬಣ್ಣದ ಕೆಳಗೆ ಮುಚ್ಚಿಹೋಗಿದ್ದವು. ಅವನ್ನು ಕಬ್ಬಿಣವೆಂದೆಣಿಸಿ ಗುಜರಿಯವನಿಗೆ ಕೊಟ್ಟು, ಹೊನ್ನಿನಂತೆ ಹೊಳೆಯುವ ಹೊಸ ಹಿಡಿಗಳನ್ನು ಹಾಕಿಸಿದೆನು. ಎರಡು ಮಳೆಗಾಲ ಕಳೆಯುವುದರೊಳಗೆ ಅವು ಗುಳ್ಳೆಯೆದ್ದು, ಮೇಲಣ ಪದರು ಸಿಪ್ಪೆಯಂತೆ ಸುಲಿದು, ಅದರ ಅಂಚು ನನ್ನ ಮಗಳ ಬೆರಳನ್ನು ಕೊಯ್ದಿತು. ಹಿತ್ತಿಲ ಬಾಗಿಲಿನಲ್ಲಿ ಹೇಗೋ ಉಳಿದಿದ್ದ ಹಳೆಯ ಹಿಡಿಯೊಂದನ್ನು ಆಗ ಕೆರೆದು ನೋಡಿದರೆ ಅಚ್ಚ ಹಿತ್ತಾಳೆ! ತಾಯಿಯವರು ಒಂದು ಮಾತನ್ನೂ ಆಡಲಿಲ್ಲ; ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೊದಲು ತಿಳಿಯತಕ್ಕದ್ದೇನೆಂದರೆ, ಒಳಗಿನ ಲೋಹ ಬೇರೆ, ಮೇಲಿನ ಮೆರುಗು ಬೇರೆ. ಹಿತ್ತಾಳೆಯು ತಾಮ್ರ ಮತ್ತು ಸತುಗಳ ಮಿಶ್ರಣ. ಈಗ ಅಗ್ಗದ ಬೆಲೆಗೆ ದೊರೆಯುವ ಹಿಡಿಗಳಲ್ಲಿ ಬಹಳಷ್ಟು, ಸತುವೇ ಪ್ರಧಾನವಾದ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮೇಲೆ ಬೇಕಾದ ಬಣ್ಣದ ಲೇಪವನ್ನು ಕೊಟ್ಟವು. ಲೇಪದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ತೇವವು ಒಳನುಗ್ಗಿ ಸತುವನ್ನು ತಿನ್ನುತ್ತದೆ, ಅದರಿಂದಲೇ ಗುಳ್ಳೆ. ಪರೀಕ್ಷೆ ಕಷ್ಟವಲ್ಲ. ಅಯಸ್ಕಾಂತವು ಅಂಟಿಕೊಂಡರೆ ಒಳಗೆ ಕಬ್ಬಿಣವಿದೆಯೆಂದು ತಿಳಿಯಿರಿ. ಅಂಟದಿದ್ದರೆ ಹಿತ್ತಾಳೆಯೆಂದು ಕೂಡಲೆ ನಂಬಬಾರದು. ಸತುವಿಗೂ ಅಯಸ್ಕಾಂತ ಅಂಟದು. ಆಗ ತೂಕವನ್ನು ನೋಡಬೇಕು: ಹಿತ್ತಾಳೆಯು ನೀರಿಗಿಂತ ಸುಮಾರು 8.4 ಪಾಲು ಭಾರ, ಸತುವಿನ ಮಿಶ್ರಲೋಹ ಸುಮಾರು 6.7 ಪಾಲು. ಹಿಡಿಯ ಹಿಂಬದಿಯಲ್ಲಿ ಕಾಣದ ಕಡೆ ಸ್ವಲ್ಪ ಗೀಚಿದರೆ ಹಳದಿಯೋ ಬೂದುಬಣ್ಣವೋ ತಾನೇ ಹೇಳುತ್ತದೆ. ಅಂಗಡಿಯವನು ಒಪ್ಪದಿದ್ದರೆ ಒಂದನ್ನು ಮಾತ್ರ ಕೊಂಡು ಮನೆಯಲ್ಲಿ ಗೀಚಿರಿ.

ಕ್ರೋಮಿಯಂ ಲೇಪವೆಂದು ನಾವು ಕರೆಯುವುದರಲ್ಲಿ ಕ್ರೋಮಿಯಂ ಇರುವುದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಒಳಲೋಹವನ್ನು ಕಾಯುವುದು ಅದರ ಕೆಳಗಿರುವ ನಿಕ್ಕಲಿನ ಪದರು. ಅದನ್ನು ಉಳಿಸಿದ ತಯಾರಕನ ವಸ್ತುವು ಅಂಗಡಿಯಲ್ಲಿ ಬೇರೆಯದರಷ್ಟೇ ಹೊಳೆಯುತ್ತದೆ, ಮನೆಯಲ್ಲಿ ಹೊಳೆಯದು. ನಿರ್ವಾತದ ಕೊಠಡಿಯಲ್ಲಿ ಜಿರ್ಕೋನಿಯಂ, ಟೈಟೇನಿಯಂಗಳ ಗಟ್ಟಿಯಾದ ತೆಳುಪದರನ್ನು ಕೂಡಿಸುವ ಪಿ.ವಿ.ಡಿ. ಎಂಬ ವಿಧಾನದ ಹೊಂಬಣ್ಣವು ಸಾಮಾನ್ಯ ಲೇಪಕ್ಕಿಂತ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು.

ಲೇಪವಿಲ್ಲದ ಹಿತ್ತಾಳೆಯು ಕಂದುವುದೆಂದು ಹಲವರು ದೂರುವರು. ಕಂದುವುದು ದೋಷವಲ್ಲವೆಂದು ನನ್ನ ಅಭಿಪ್ರಾಯ. ಬೀದರಿನ ಬಿದ್ರಿ ಕೆಲಸದವರು ಸತು ಮತ್ತು ತಾಮ್ರದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂಡಿಸಿ, ಅಲ್ಲಿಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿದ ನೀರಿನಿಂದ ಬೇಕೆಂದೇ ಲೋಹವನ್ನು ಕಪ್ಪಾಗಿಸುವರು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಹೊಳಪೇ ಬೇಕೆನ್ನುವವರಿಗೆ ನಮ್ಮ ಅಜ್ಜಿಯರ ಹುಣಿಸೆಹಣ್ಣು ಇದ್ದೇ ಇದೆ. ಅದರ ಹುಳಿಯು ಕಿಲುಬನ್ನು ಕರಗಿಸುತ್ತದೆ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಒರೆಸಬೇಕು. ನಿಕ್ಕಲ್ ಇಲ್ಲವೆ ಅರಗಿನ ಲೇಪವಿರುವ ವಸ್ತುವಿಗೆ ಹುಣಿಸೆಯನ್ನು ಮುಟ್ಟಿಸಲೇಬಾರದು. ಬರಿಯ ಹಿತ್ತಾಳೆಗೆ ಇನ್ನೊಂದು ಗುಣವುಂಟು: ತಾಮ್ರವು ರೋಗಾಣುಗಳನ್ನು ಕೊಲ್ಲುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2008ರಲ್ಲಿ ತಾಮ್ರದ ಮಿಶ್ರಲೋಹಗಳಿಗೆ ಈ ಗುಣವುಂಟೆಂದು ನೋಂದಣಿ ಕೊಟ್ಟಿತು. ಅರಗು ಬಳಿದರೆ ಆ ಪ್ರಯೋಜನವಿಲ್ಲ.

ಸ್ನಾನದ ಮನೆಗೆ ನೀರನ್ನು ನೋಡಿ ಆರಿಸಬೇಕು. ಕೃಷ್ಣರಾಜಪುರದ ಕಡೆ ಕೊಳವೆಬಾವಿಯ ಗಡಸು ನೀರನ್ನೇ ನಂಬಿದ ಮನೆಗಳಲ್ಲಿ, ಕನ್ನಡಿಯಂತಹ ಕ್ರೋಮಿಯಂ ಮೇಲೆ ಪ್ರತಿ ಹನಿಯೂ ಒಣಗಿ ಬಿಳಿಯ ಕಲೆಯಾಗುತ್ತದೆ. ಕಪ್ಪು ಮೆರುಗಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಗೆರೆಯುಜ್ಜಿದ ಮಬ್ಬು ಮೆರುಗು ಅಲ್ಲಿಗೆ ಮೇಲು. ತುಕ್ಕುಹಿಡಿಯದ ಉಕ್ಕಿನಲ್ಲಿ ನಮ್ಮ ಊರಿಗೆ 304 ಎಂಬ ಜಾತಿ ಸಾಕು. ಮಂಗಳೂರು, ಕಾಸರಗೋಡುಗಳಿಗೆ ಮದುವೆಯಾಗಿ ಹೋದವರು ಉಪ್ಪುಗಾಳಿಯನ್ನು ತಾಳುವ 316 ಅನ್ನೇ ಕೇಳತಕ್ಕದ್ದು. ಹಿತ್ತಾಳೆಯ ಕೀಲಿಗೆ ಹಿತ್ತಾಳೆಯ ತಿರುಪುಮೊಳೆಯನ್ನೇ ಹಾಕಿಸಿರಿ. ಕಬ್ಬಿಣದ್ದಾದರೆ ತೇವದಲ್ಲಿ ಎರಡು ಲೋಹಗಳೂ ಕೂಡಿ ಮೊಳೆಯೇ ಬೇಗ ಸವೆಯುವುದು.

ಇನ್ನು ದೀಪಗಳು. ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿನಲ್ಲಿ 1905ರ ಆಗಸ್ಟ್ 5ರಂದು ಬೆಳಗಿತು. ಹಿಂದಿನ ಕಾಲದ ಹಿತ್ತಾಳೆ ಮುಚ್ಚಳದ ದುಂಡು ಸ್ವಿಚ್ಚುಗಳು ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ನೋಡಲು ಅಂದ, ಆದರೆ ಅವನ್ನು ತಂತಿಗೆ ಜೋಡಿಸಬೇಡಿರಿ. ಲೋಹದ ಯಾವ ದೀಪಕ್ಕಾಗಲಿ ಭೂಸಂಪರ್ಕದ ತಂತಿಯಿರುವುದೇ ಎಂದು ಕೇಳದೆ ಹಣ ಕೊಡಬಾರದು. ಒಳಗಿನ ತಂತಿಯ ಹೊದಿಕೆ ಸವೆದರೆ ಇಡೀ ದೀಪವೇ ಆಘಾತ ಕೊಡುತ್ತದೆ. ಮೆರುಗನ್ನು ಇಂದಿರಾನಗರದ ಅಂಗಡಿಗಳ ಪ್ರಖರ ಬೆಳಕಿನಲ್ಲಿ ನಿರ್ಧರಿಸದೆ, ಮಾದರಿಯೊಂದನ್ನು ತಂದು ಸಂಜೆ ನಿಮ್ಮ ಮನೆಯ ಬಲ್ಬಿನ ಕೆಳಗೆ ನೋಡಿರಿ. 2700 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ಹಿತ್ತಾಳೆ ಕಳೆಗಟ್ಟುತ್ತದೆ, 6500ರ ಬಿಳಿ ಬೆಳಕಿನಲ್ಲಿ ಪೇಲವವಾಗುತ್ತದೆ. ಒಂದು ಕೋಣೆಯಲ್ಲಿ ಎರಡು ಬಗೆಯ ಮೆರುಗಿದ್ದರೆ ಬಾಧಕವಿಲ್ಲ. ಮೂರಾದರೆ ಅಂಗಡಿಯಂತೆ ಕಾಣುತ್ತದೆ.

ನಮ್ಮ ಹಳೆಯ ಹಿಡಿಗಳನ್ನು ಹುಡುಕಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಮೂರು ದಿನ ಸುತ್ತಿದೆನು. ಅವು ದೊರೆಯಲಿಲ್ಲ, ಅವುಗಳನ್ನು ಹೋಲುವ ನಾಲ್ಕು ದೊರೆತವು. ಹಳೆಯ ಬಣ್ಣದಲ್ಲಿ ಸೀಸವಿರುವುದುಂಟಾದ್ದರಿಂದ ಸುಡದೆ, ಒಣಗಿದಂತೆ ಉಜ್ಜದೆ, ಸೋಪು ಬೆರೆಸಿದ ಬಿಸಿನೀರಿನಲ್ಲಿ ಬಹಳ ಹೊತ್ತು ನೆನೆಯಿಸಿ, ಅಡಿಗೆಗೆ ಬಳಸದ ಪಾತ್ರೆಯಲ್ಲಿಯೇ ಬಣ್ಣವನ್ನು ಬಿಡಿಸಿದೆವು. ಹಿತ್ತಿಲ ಬಾಗಿಲಿನ ಆ ಒಂದು ಹಿಡಿಯನ್ನು ತಾಯಿಯವರ ಕೋಣೆಗೆ ಹಾಕಿಸಿದ್ದೇನೆ. ಅದಕ್ಕೆ ಅರಗನ್ನು ಬಳಿಸಿಲ್ಲ. ಅವರ ಕೈ ತಗಲುವ ಕಡೆ ಅದು ಯಾವಾಗಲೂ ಹೊಳೆಯುತ್ತಿರುತ್ತದೆ.