ಪೂರ್ವಪಕ್ಷವನ್ನು ಅರಿಯುವ ಬಗೆ

ಶ್ರೀಮದಾಚಾರ್ಯರ ದಶಪ್ರಕರಣಗಳಲ್ಲಿ ‘ಕಥಾಲಕ್ಷಣ’ವೂ ಒಂದು. ಗಾತ್ರದಲ್ಲಿ ಕಿರಿದಾದ ಈ ಗ್ರಂಥವು, ಇಬ್ಬರು ಚರ್ಚೆಗೆ ಕುಳಿತಾಗ ಆ ಮಾತು ಯಾವ ಬಗೆಯದೆಂಬುದನ್ನು ನಿರೂಪಿಸುತ್ತದೆ. ಸಜ್ಜನರೊಳಗೆ ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಕೀರ್ತಿ ಮೊದಲಾದವುಗಳಿಗಾಗಿ ಸ್ಪರ್ಧೆಯಿಂದ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಮುಂದಿಡದೆ ಎದುರಿನವರದನ್ನು ಖಂಡಿಸುವುದು ವಿತಂಡ. ಈ ಮೂರನೆಯದು ದುರ್ಜನರೊಡನೆ ಮಾತ್ರ ಸಲ್ಲುವಂತಹುದು. ನಾವಾದರೋ ಅದನ್ನು ಒಡಹುಟ್ಟಿದವರ ಮೇಲೆಯೇ ಪ್ರಯೋಗಿಸುತ್ತೇವೆ.

ನಮಗೆ ತಿಳಿದ ಒಂದು ಮನೆತನದಲ್ಲಿ ಅಣ್ಣನವರು ಚಳ್ಳಕೆರೆಯಲ್ಲಿಯೂ ತಮ್ಮನವರು ಮೊಳಕಾಲ್ಮೂರಿನಲ್ಲಿಯೂ ನೆಲೆಸಿದ್ದಾರೆ. ತಂದೆಯವರು ತೀರಿಕೊಂಡದ್ದು ಏಕಾದಶಿಯಂದು. ಹರಿದಿನದಲ್ಲಿ ಶ್ರಾದ್ಧವಿಲ್ಲವಾದ್ದರಿಂದ ಪಾರಣೆಯ ದಿನ ಚಳ್ಳಕೆರೆಯಲ್ಲಿ ಇಬ್ಬರೂ ಕೂಡಿ ಮಾಡುತ್ತಿದ್ದರು. ಅಣ್ಣನವರದು ಸೂರ್ಯಸಿದ್ಧಾಂತದ ಪಂಚಾಂಗ. ತಮ್ಮನವರು ದೃಗ್ಗಣಿತವನ್ನು ಹಿಡಿದರು. ಒಂದು ವರ್ಷ ಅಣ್ಣನ ಪಾರಣೆಯ ದಿನವೇ ತಮ್ಮನಿಗೆ ಉಪವಾಸ ಬಂದಿತು. ‘ಹಿರಿಯರ ಕ್ರಮವನ್ನು ಬಿಟ್ಟವನು’ ಎಂದು ಒಬ್ಬರು, ‘ಶಾಸ್ತ್ರ ತಿಳಿಯದವರು’ ಎಂದು ಇನ್ನೊಬ್ಬರು. ಶ್ರಾದ್ಧ ಎರಡಾಯಿತು, ಮಾತು ನಿಂತಿತು.

ಮಧ್ಯಸ್ಥಿಕೆಗೆ ಹೋದ ನಾವು ಮೊದಲ ದಿನವೇ ಅಣ್ಣನವರ ಪರವಾಗಿ ಮಾತಾಡಿ ಬಂದೆವು. ಗೆದ್ದೆವೆಂಬ ಸಂತೋಷವೂ ನಮಗಿತ್ತು. ಅದು ಜಲ್ಪವೆಂಬುದು ಬಸ್ಸಿನಲ್ಲಿ ಮರಳುವಾಗ ಹೊಳೆಯಿತು.

ಶ್ರೀವ್ಯಾಸತೀರ್ಥರು (1460–1539) ‘ನ್ಯಾಯಾಮೃತ’ದಲ್ಲಿ ಜಗತ್ತು ಮಿಥ್ಯೆಯೆಂಬ ಮತವನ್ನು ಖಂಡಿಸುವ ಮುನ್ನ, ಮಿಥ್ಯಾತ್ವಕ್ಕೆ ಆ ಮತದ ಆಚಾರ್ಯರು ಹೇಳಿದ ಐದು ಲಕ್ಷಣಗಳನ್ನು ಎತ್ತಿಕೊಂಡರು. ಪದ್ಮಪಾದರದು, ಪ್ರಕಾಶಾತ್ಮರ ಎರಡು, ಚಿತ್ಸುಖರದು, ಆನಂದಬೋಧರದು. ಚದುರಿದ್ದ ಮಾತುಗಳನ್ನು ಅವರು ಒಂದೆಡೆ ತಂದರು. ಅನಂತರ ಉತ್ತರವಾಗಿ ‘ಅದ್ವೈತಸಿದ್ಧಿ’ಯನ್ನು ರಚಿಸಿದ ಮಧುಸೂದನ ಸರಸ್ವತಿಗಳು ಅದೇ ಐದು ಲಕ್ಷಣಗಳನ್ನು ಅದೇ ಕ್ರಮದಲ್ಲಿ ಸಮರ್ಥಿಸಿದರು, ‘ಇದು ನಮ್ಮ ಮತವಲ್ಲ’ ಎನ್ನಲಿಲ್ಲ. ಅವರಿಗೆ ಉತ್ತರವಾಗಿ ‘ನ್ಯಾಯಾಮೃತತರಂಗಿಣಿ’ಯನ್ನು ಬರೆದ ವ್ಯಾಸರಾಮಾಚಾರ್ಯರು ಮೊದಲು ಮಧುಸೂದನರ ಬಳಿಯಲ್ಲಿಯೇ ಅಧ್ಯಯನ ಮಾಡಿದರೆಂಬ ಐತಿಹ್ಯವಿದೆ. ನಮ್ಮ ಸಿದ್ಧಾಂತ ಇದರಿಂದ ಎಳ್ಳಷ್ಟೂ ಸಡಿಲವಾಗಲಿಲ್ಲ. ಪ್ರತಿಪಕ್ಷವನ್ನು ತಿಳಿಯುವುದೆಂದರೆ ಅದಕ್ಕೆ ಒಪ್ಪುವುದೆಂದು ಭಯಪಡುವವರು ಇದನ್ನು ಗಮನಿಸಬೇಕು.

ಮುಂದಿನ ವಾರ ಸಹೋದರರಿಬ್ಬರನ್ನೂ ಕೂರಿಸಿ, ವಾಕ್ಯಾರ್ಥಸಭೆಯಲ್ಲಿ ಮಾಡುವಂತೆ, ಒಬ್ಬರ ಮಾತನ್ನು ಇನ್ನೊಬ್ಬರು ಅನುವಾದ ಮಾಡಬೇಕೆಂದು ಕೇಳಿಕೊಂಡೆವು. ಅಣ್ಣನವರು ಮೂರು ಸಲ ತಪ್ಪಿದರು. ‘ನಾನು ಹಾಗೆನ್ನಲಿಲ್ಲ’ ಎಂದು ತಮ್ಮನವರು ಮೂರು ಸಲವೂ ತಡೆದರು. ನಾಲ್ಕನೆಯ ಸಲಕ್ಕೆ ತಿಳಿದದ್ದು ಇಷ್ಟು: ಸೂರ್ಯೋದಯಕ್ಕೆ ಮೊದಲಿನ ನಾಲ್ಕು ಘಟಿಕೆ, ಎಂದರೆ 96 ನಿಮಿಷಗಳ ಅರುಣೋದಯದಲ್ಲಿ ದಶಮಿಯ ವೇಧೆಯಿದ್ದರೆ ಆ ಏಕಾದಶಿ ತ್ಯಾಜ್ಯವೆಂಬ ನಿಯಮದಲ್ಲಿ ಇಬ್ಬರಿಗೂ ಭೇದವೇ ಇರಲಿಲ್ಲ. ಚಂದ್ರನ ಗತಿಯನ್ನು ಎಣಿಸುವ ಗಣಿತ ಬೇರೆಯಾದ್ದರಿಂದ ದಶಮಿ ಮುಗಿಯುವ ವೇಳೆ ಎರಡು ಪಂಚಾಂಗಗಳಲ್ಲಿ ಬೇರೆಯಾಗಿತ್ತು. ಹಿರಿಯರ ಕ್ರಮವನ್ನು ಯಾರೂ ಬಿಟ್ಟಿರಲಿಲ್ಲ.

ಪಂಚಾಂಗಗಳೇನೂ ಒಂದಾಗಲಿಲ್ಲ. ಏಕಾದಶಿಯನ್ನು ಇಬ್ಬರೂ ತಮ್ಮ ತಮ್ಮ ಗಣಿತದಂತೆಯೇ ಆಚರಿಸುತ್ತಿದ್ದಾರೆ. ದಿನಗಳು ಕೂಡಿ ಬಂದ ವರ್ಷ ತಮ್ಮನವರು ಸಕುಟುಂಬರಾಗಿ ಚಳ್ಳಕೆರೆಗೆ ಬರುತ್ತಾರೆ. ಕೂಡದ ವರ್ಷ ಶ್ರಾದ್ಧವನ್ನು ಹೇಗೆ ನಡೆಸಬೇಕೆಂದು ಮಠದ ಪಂಡಿತರಿಗೆ ಇಬ್ಬರೂ ಒಂದೇ ಕಾಗದದಲ್ಲಿ ಸಹಿ ಮಾಡಿ ಬರೆದಿದ್ದಾರೆ. ಉತ್ತರವನ್ನು ಎದುರುನೋಡುತ್ತಿದ್ದೇವೆ.